ಕಟ್ಟಡ ಖರೀದಿಗೆ ಮುನ್ನ ತಾಂತ್ರಿಕ ತಪಾಸಣೆ: ವರ್ತಕರೂ ಸಣ್ಣ ಉದ್ಯಮಿಗಳೂ ಅರಿತಿರಬೇಕಾದ ಅಂಶಗಳು

ಸರಕು ಖರೀದಿಯಲ್ಲಿ ನಮ್ಮ ವರ್ತಕ ಬಾಂಧವರು ತೋರುವ ಎಚ್ಚರಿಕೆ ಪ್ರಸಿದ್ಧವಾದುದು. ಅಡಿಕೆಯನ್ನು ಒಡೆದು ನೋಡದೆ ಬೆಲೆ ಹೇಳುವವರಿಲ್ಲ. ಮೆಣಸಿನಕಾಯಿ ಮೂಟೆಯೊಳಗೆ ಕೈಹಾಕಿ ತೇವ ಪರೀಕ್ಷಿಸದೆ ತೂಕಕ್ಕಿಡುವವರಿಲ್ಲ. ಆದರೆ ಅದೇ ವರ್ತಕರು ಜೀವಮಾನದ ಗಳಿಕೆಯನ್ನು ತೊಡಗಿಸಿ ಮನೆಯನ್ನೋ ಅಂಗಡಿ ಮಳಿಗೆಯನ್ನೋ ಕೊಳ್ಳುವಾಗ ಗೋಡೆಯ ಬಣ್ಣ, ಬಾಗಿಲಿನ ದಿಕ್ಕು, ರಸ್ತೆಯ ಅಗಲ ಇಷ್ಟನ್ನೇ ನೋಡಿ ತೃಪ್ತರಾಗುವುದುಂಟು. ಕಟ್ಟಡವೂ ಒಂದು ಸರಕೇ. ಅದನ್ನೂ ‘ಒಡೆದು ನೋಡುವ’ ಕ್ರಮವೊಂದುಂಟು. ಅದೇ ವೃತ್ತಿಪರ ಕಟ್ಟಡ ತಪಾಸಣೆ.

ಸಣ್ಣ ಉದ್ಯಮಿಯ ಪಾಲಿಗೆ ಈ ವಿಷಯ ಇನ್ನೂ ಒಂದು ಕಾರಣದಿಂದ ಮಹತ್ವದ್ದಾಗಿದೆ. ಆತನ ಮನೆ ಕೇವಲ ವಾಸಸ್ಥಳವಲ್ಲ. ಬಹುಪಾಲು ಸಂದರ್ಭಗಳಲ್ಲಿ ಅದು ದುಡಿಯುವ ಬಂಡವಾಳದ ಸಾಲಕ್ಕೆ ಬ್ಯಾಂಕಿನಲ್ಲಿ ಅಡಮಾನವಾಗಿರುವ ಆಸ್ತಿಯೂ ಹೌದು. ಕಟ್ಟಡ ಕುಂದಿದರೆ ಸಂಸಾರದ ನೆಮ್ಮದಿಯೊಡನೆ ವ್ಯಾಪಾರದ ಸಾಲಬಲವೂ ಕುಂದುತ್ತದೆ. ಆದ್ದರಿಂದ ತಪಾಸಣೆ ಎಂದರೇನು, ಕಾನೂನು ಏನು ಹೇಳುತ್ತದೆ, ಖರ್ಚು–ಲಾಭಗಳ ಲೆಕ್ಕ ಹೇಗೆ, ಲೆಕ್ಕಪುಸ್ತಕಗಳಲ್ಲಿ ಅದನ್ನು ಹೇಗೆ ತೋರಿಸಬೇಕು ಎಂಬ ಅಂಶಗಳನ್ನು ಪ್ರಸ್ತುತ ಲೇಖನದಲ್ಲಿ ಕ್ರಮವಾಗಿ ವಿವೇಚಿಸಲಾಗಿದೆ.

1. ಮೂರು ಪರಿಶೀಲನೆಗಳು, ಮೂರು ಉದ್ದೇಶಗಳು

ಸ್ಥಿರಾಸ್ತಿಯ ಖರೀದಿಯಲ್ಲಿ ಮೂರು ಬಗೆಯ ಪರಿಶೀಲನೆಗಳಿವೆ. ಇವುಗಳಲ್ಲಿ ಒಂದನ್ನು ಮತ್ತೊಂದೆಂದು ಭಾವಿಸುವುದೇ ಅನೇಕ ನಷ್ಟಗಳ ಮೂಲ.

ಮೊದಲನೆಯದು ಹಕ್ಕುಪತ್ರಗಳ ಪರಿಶೀಲನೆ. ಇದನ್ನು ವಕೀಲರು ಮಾಡುತ್ತಾರೆ. ಮೂಲಪತ್ರ, ಋಣಭಾರ ಪ್ರಮಾಣಪತ್ರ, ಖಾತೆ, ತೆರಿಗೆ ರಶೀದಿ ಮೊದಲಾದವುಗಳಿಂದ ಆಸ್ತಿಯ ಮೇಲೆ ಮಾರಾಟಗಾರನಿಗೆ ನಿಜವಾದ ಹಕ್ಕು ಇದೆಯೇ ಎಂಬುದನ್ನು ಅವರು ಹೇಳುತ್ತಾರೆ. ಎರಡನೆಯದು ಮೌಲ್ಯಮಾಪನ. ಸಾಲ ಕೊಡುವ ಬ್ಯಾಂಕು ತನ್ನ ಪಟ್ಟಿಯಲ್ಲಿರುವ ಮೌಲ್ಯಮಾಪಕರಿಂದ ಇದನ್ನು ಮಾಡಿಸುತ್ತದೆ. ಸಾಲಕ್ಕೆ ತಕ್ಕ ಭದ್ರತೆ ಇದೆಯೇ, ನಾಳೆ ಹರಾಜು ಹಾಕಬೇಕಾಗಿ ಬಂದರೆ ಎಷ್ಟು ಹಣ ಬಂದೀತು ಎಂಬುದು ಅದರ ಪ್ರಶ್ನೆ. ಮೂರನೆಯದು ತಾಂತ್ರಿಕ ತಪಾಸಣೆ. ಕಟ್ಟಡ ಈಗ ಯಾವ ಸ್ಥಿತಿಯಲ್ಲಿದೆ, ಯಾವ ದೋಷಗಳಿವೆ, ಅವುಗಳ ಕಾರಣವೇನು, ಸರಿಪಡಿಸಲು ಎಷ್ಟು ವೆಚ್ಚವಾದೀತು ಎಂಬುದನ್ನು ಅದು ತಿಳಿಸುತ್ತದೆ.

ಮೊದಲಿನ ಎರಡನ್ನು ಬ್ಯಾಂಕೇ ಒತ್ತಾಯಪೂರ್ವಕವಾಗಿ ಮಾಡಿಸುವುದರಿಂದ ಅವು ತಪ್ಪುವುದಿಲ್ಲ. ಮೂರನೆಯದನ್ನು ಯಾರೂ ಒತ್ತಾಯಿಸುವುದಿಲ್ಲವಾದ್ದರಿಂದ ಅದು ನಡೆಯುವುದೇ ಅಪರೂಪ. “ಬ್ಯಾಂಕಿನವರೇ ಬಂದು ನೋಡಿ ಸಾಲ ಮಂಜೂರು ಮಾಡಿದ್ದಾರೆ, ಇನ್ನೇನು ಚಿಂತೆ” ಎಂಬ ಮಾತನ್ನು ಕಕ್ಷಿದಾರರಿಂದ ಆಗಾಗ ಕೇಳುತ್ತಿರುತ್ತೇನೆ. ಬ್ಯಾಂಕು ನೋಡಿದ್ದು ತನ್ನ ಸಾಲದ ಕ್ಷೇಮವನ್ನು. ನೂರು ರೂಪಾಯಿಯ ಆಸ್ತಿಗೆ ಎಪ್ಪತ್ತೈದು ರೂಪಾಯಿ ಸಾಲ ಕೊಟ್ಟವನಿಗೆ ಕಟ್ಟಡದ ದುರಸ್ತಿಗೆ ಹತ್ತು ರೂಪಾಯಿ ಬೇಕಾದರೂ ಭಯವಿಲ್ಲ. ಆ ಹತ್ತು ರೂಪಾಯಿಯನ್ನು ಕಳೆದುಕೊಳ್ಳುವವನು ಖರೀದಿದಾರ.

2. ಕಾನೂನಿನ ನಿಲುವು

1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಪ್ರಕರಣವು ಮಾರಾಟಗಾರನ ಮೇಲೆ ಒಂದು ಹೊಣೆಯನ್ನು ಹೊರಿಸಿದೆ. ತನಗೆ ತಿಳಿದಿರುವ, ಆದರೆ ಖರೀದಿದಾರನಿಗೆ ತಿಳಿದಿರದ ಮುಖ್ಯ ದೋಷವನ್ನು ಆತ ಪ್ರಕಟಪಡಿಸತಕ್ಕದ್ದು. ಆದರೆ ಈ ನಿಯಮದಲ್ಲಿಯೇ ಒಂದು ಮಿತಿಯಿದೆ: ಸಾಮಾನ್ಯ ಎಚ್ಚರಿಕೆಯಿಂದ ಖರೀದಿದಾರನೇ ಕಂಡುಕೊಳ್ಳಬಹುದಾಗಿದ್ದ ದೋಷಕ್ಕೆ ಈ ಹೊಣೆ ಅನ್ವಯಿಸುವುದಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ 19ನೆಯ ಪ್ರಕರಣದ ಅಪವಾದವೂ ಇದೇ ಧಾಟಿಯದು. ತಪ್ಪು ನಿರೂಪಣೆಯಿಂದ ಅಥವಾ ವಂಚನೆಗೆ ಸಮನಾದ ಮೌನದಿಂದ ಒಪ್ಪಿಗೆ ಪಡೆದಿದ್ದರೂ, ಸಾಧಾರಣ ಜಾಗರೂಕತೆಯಿಂದ ಸತ್ಯವನ್ನು ಅರಿಯುವ ಸಾಧನ ಆ ಪಕ್ಷಕಾರನಿಗಿದ್ದರೆ ಕರಾರನ್ನು ರದ್ದುಪಡಿಸಲಾಗದು.

ಇದರ ತಾತ್ಪರ್ಯ ಸ್ಪಷ್ಟ. ಛಾವಣಿಯ ಮೇಲೆ ಕಣ್ಣಿಗೆ ಕಾಣುವ ಬಿರುಕನ್ನು ನೋಡದೆ ಕೊಂಡವನ ದೂರಿಗೆ ನ್ಯಾಯಾಲಯದಲ್ಲಿ ಬಲ ಕಡಿಮೆ. ತಪಾಸಣೆ ಮಾಡಿಸಿದವನ ಕೈಯಲ್ಲಿ ಮಾತ್ರ, “ನಾನು ಎಚ್ಚರ ವಹಿಸಿದೆ, ಆದರೂ ಅಡಗಿಸಿಟ್ಟ ದೋಷ ಕಾಣಲಿಲ್ಲ” ಎನ್ನಲು ಲಿಖಿತ ಆಧಾರವಿರುತ್ತದೆ.

ಹೊಸ ಕಟ್ಟಡಗಳ ವಿಷಯದಲ್ಲಿ ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯಿದೆ, 2016 (ರೇರಾ) ಹೆಚ್ಚಿನ ರಕ್ಷಣೆ ನೀಡಿದೆ. ಅದರ 14ನೆಯ ಪ್ರಕರಣದ ಮೂರನೆಯ ಉಪಪ್ರಕರಣದಂತೆ, ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷಗಳೊಳಗೆ ರಚನಾ ದೋಷವನ್ನಾಗಲಿ, ಕೆಲಸಗಾರಿಕೆ, ಗುಣಮಟ್ಟ ಅಥವಾ ಸೌಲಭ್ಯಗಳಲ್ಲಿನ ದೋಷವನ್ನಾಗಲಿ ಗಮನಕ್ಕೆ ತಂದರೆ, ನಿರ್ಮಾಪಕನು 30 ದಿನಗಳೊಳಗೆ ಸ್ವಂತ ವೆಚ್ಚದಲ್ಲಿ ಸರಿಪಡಿಸಬೇಕು; ತಪ್ಪಿದರೆ ಪರಿಹಾರ ಕೊಡಬೇಕು. ಈ ಕಾಯಿದೆಯ ವ್ಯಾಖ್ಯೆಯಲ್ಲಿ ವಾಸದ ಮನೆಗಳಷ್ಟೇ ಅಲ್ಲದೆ ಅಂಗಡಿ, ಕಚೇರಿ, ಪ್ರದರ್ಶನ ಮಳಿಗೆ, ಗೋದಾಮುಗಳೂ ಸೇರಿವೆ ಎಂಬುದನ್ನು ವರ್ತಕರು ವಿಶೇಷವಾಗಿ ಗಮನಿಸಬೇಕು. ಆದ್ದರಿಂದ ಹೊಸ ಕಟ್ಟಡ ಕೊಂಡವರು ಸ್ವಾಧೀನ ಪಡೆಯುವಾಗ ಒಮ್ಮೆ, ಐದು ವರ್ಷ ತುಂಬುವ ಮೊದಲು ಮತ್ತೊಮ್ಮೆ ತಪಾಸಣೆ ಮಾಡಿಸುವುದು ವಿವೇಕ. ಅವಧಿ ಮುಗಿದ ಮರುದಿನ ಕಂಡ ಬಿರುಕಿಗೆ ಈ ಪ್ರಕರಣದ ಆಸರೆಯಿಲ್ಲ.

ಸ್ವಾಧೀನಾನುಭವ ಪ್ರಮಾಣಪತ್ರದ ವಿಷಯವೂ ಇಲ್ಲಿ ಪ್ರಸ್ತುತ. 2024ರ ಡಿಸೆಂಬರ್ 17ರಂದು ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ನೀಡಿದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಈ ಪ್ರಮಾಣಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರು ಮೊದಲಾದ ಸಂಪರ್ಕ ನೀಡಬಾರದೆಂದೂ, ಬ್ಯಾಂಕುಗಳು ಕಟ್ಟಡವನ್ನು ಭದ್ರತೆಯಾಗಿ ಪಡೆದು ಸಾಲ ಮಂಜೂರು ಮಾಡುವ ಮುನ್ನ ಅದನ್ನು ಪರಿಶೀಲಿಸಬೇಕೆಂದೂ ನಿರ್ದೇಶಿಸಿದೆ. ಮಂಜೂರಾದ ನಕ್ಷೆಗೂ ನಿಂತಿರುವ ಕಟ್ಟಡಕ್ಕೂ ತಾಳೆ ನೋಡುವುದು ಆದ್ದರಿಂದ ತಪಾಸಣೆಯ ಅವಿಭಾಜ್ಯ ಅಂಗ. ಮೂರು ಅಂತಸ್ತಿಗೆ ಒಪ್ಪಿಗೆ ಪಡೆದು ಐದು ಅಂತಸ್ತು ಎಬ್ಬಿಸಿದ್ದರೆ, ಅದು ಕಾನೂನಿನ ದೋಷವಷ್ಟೇ ಅಲ್ಲ. ತಳಪಾಯ ಆ ಹೆಚ್ಚುವರಿ ಭಾರಕ್ಕೆ ಲೆಕ್ಕಹಾಕಿದ್ದೇ ಅಲ್ಲ ಎಂಬ ಅಪಾಯದ ಸೂಚನೆಯೂ ಹೌದು.

3. ಹೊರದೇಶಗಳಲ್ಲಿ ಮತ್ತು ನಮ್ಮಲ್ಲಿ

ಅಮೆರಿಕದಲ್ಲಿ ಮನೆ ತಪಾಸಣೆ ಸ್ವತಂತ್ರ ವೃತ್ತಿಯಾಗಿ ಬೆಳೆದಿದೆ. ಅಲ್ಲಿನ ಗೃಹ ತಪಾಸಕರ ಸಂಘವು 1976ರಲ್ಲಿ ಸ್ಥಾಪನೆಗೊಂಡಿತು. ಅನೇಕ ರಾಜ್ಯಗಳಲ್ಲಿ ತಪಾಸಕರಿಗೆ ಪರವಾನಗಿ ಕಡ್ಡಾಯ. ಖರೀದಿಯ ಪ್ರಸ್ತಾವದಲ್ಲಿಯೇ “ತಪಾಸಣೆಯ ಫಲಿತಾಂಶಕ್ಕೆ ಒಳಪಟ್ಟು” ಎಂಬ ಷರತ್ತನ್ನು ಸೇರಿಸುವ ರೂಢಿ ಅಲ್ಲಿದೆ. ಬ್ರಿಟನ್ನಿನಲ್ಲಿ ಸನ್ನದು ಪಡೆದ ಸರ್ವೇಯರುಗಳು ಕಟ್ಟಡದ ವಯಸ್ಸು, ಸ್ವರೂಪಗಳಿಗನುಗುಣವಾಗಿ ಮೂರು ಹಂತಗಳ ವರದಿ ನೀಡುತ್ತಾರೆ.

ನಮ್ಮ ದೇಶದಲ್ಲಿ ಈ ವೃತ್ತಿಗೆ ಪ್ರತ್ಯೇಕ ಪರವಾನಗಿ ಕಾಯಿದೆಯಿಲ್ಲ. ದೊಡ್ಡ ನಗರಗಳಲ್ಲಿ ಕೆಲವು ಸಂಸ್ಥೆಗಳು ಈ ಸೇವೆ ಒದಗಿಸುತ್ತಿವೆ. ಉಳಿದೆಡೆ ಅನುಭವಿ ರಚನಾ ಎಂಜಿನಿಯರರೂ, ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗಗಳೂ ಇದನ್ನು ಮಾಡಿಕೊಡುತ್ತವೆ. ಪರವಾನಗಿಯ ಕಟ್ಟುಪಾಡಿಲ್ಲದಿರುವುದರಿಂದ ತಪಾಸಕನ ಯೋಗ್ಯತೆಯನ್ನು ಅಳೆಯುವ ಹೊಣೆ ನಮ್ಮ ಮೇಲೆಯೇ ಬೀಳುತ್ತದೆ.

ಅಪಾಯ ಕಾಲ್ಪನಿಕವಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ವಾಣಿಜ್ಯ ಕಟ್ಟಡ ಕುಸಿದು 19 ಮಂದಿ ಮೃತಪಟ್ಟರು. ಕೆಳ ಅಂತಸ್ತಿನಲ್ಲಿ ಆಗಲೇ ವ್ಯಾಪಾರ ಆರಂಭವಾಗಿತ್ತು ಎಂಬುದನ್ನು ನಾವು ಮರೆಯುವಂತಿಲ್ಲ. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಕಟ್ಟಡ ಬಿದ್ದು 9 ಮಂದಿ ಜೀವ ಕಳೆದುಕೊಂಡರು. 2022ರ ಫೆಬ್ರುವರಿ 10ರಂದು ಗುರುಗ್ರಾಮದ 109ನೆಯ ಸೆಕ್ಟರಿನ ವಸತಿ ಸಮುಚ್ಚಯವೊಂದರಲ್ಲಿ ಮೇಲಿನ ಅಂತಸ್ತಿನ ಭಾಗ ಕುಸಿದು ಇಬ್ಬರು ಮಹಿಳೆಯರು ಅಸುನೀಗಿದರು. ಅದು ಹಳೆಯ ಕಟ್ಟಡವೇನಲ್ಲ. ದೆಹಲಿಯ ಐ.ಐ.ಟಿ. ತಜ್ಞರು ಪರೀಕ್ಷಿಸಿ ಕಾಂಕ್ರೀಟಿನಲ್ಲಿ ಕ್ಲೋರೈಡ್ ಅಂಶ ಸೇರಿ ಕಬ್ಬಿಣ ತುಕ್ಕು ಹಿಡಿದಿರುವುದನ್ನು ಗುರುತಿಸಿ, ಆ ಗೋಪುರ ವಾಸಕ್ಕೆ ಯೋಗ್ಯವಲ್ಲವೆಂದರು. ಬಣ್ಣ ಹೊಸದಾಗಿದ್ದರೆ ಕಟ್ಟಡ ಗಟ್ಟಿ ಎಂಬ ನಂಬಿಕೆಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

4. ತಪಾಸಕರು ಏನನ್ನು ನೋಡುತ್ತಾರೆ?

ತಪಾಸಣೆಗೆ ಎರಡು ಹಂತಗಳು. ಮೊದಲನೆಯದು ಕಣ್ಣಿನ ಮತ್ತು ಸರಳ ಉಪಕರಣಗಳ ತಪಾಸಣೆ. ಇದರಲ್ಲಿ ಕಟ್ಟಡವನ್ನು ಕೊರೆಯುವುದಾಗಲಿ ಒಡೆಯುವುದಾಗಲಿ ಇಲ್ಲ. ಇಲ್ಲಿ ಸಂಶಯ ಮೂಡಿದರೆ ಮಾತ್ರ ಎರಡನೆಯ ಹಂತದ ಯಂತ್ರಪರೀಕ್ಷೆಗಳು.

ಅ) ಬಿರುಕುಗಳು: ಎಲ್ಲ ಬಿರುಕೂ ಅಪಾಯದ್ದಲ್ಲ. ಗಾರೆಯ ಮೇಲಿನ ಕೂದಲೆಳೆಯ ಬಿರುಕು ಒಣಗುವಿಕೆಯಿಂದ ಬಂದಿರಬಹುದು. ಇಟ್ಟಿಗೆ ಗೋಡೆಯಲ್ಲಿ ಮೆಟ್ಟಿಲಿನಂತೆ ಓರೆಯಾಗಿ ಏರಿದ ಬಿರುಕು ತಳಪಾಯ ಅಸಮವಾಗಿ ಕುಸಿದಿರುವುದನ್ನು ಸೂಚಿಸಬಹುದು. ಕಂಬ, ತೊಲೆಗಳಲ್ಲಿ ಕಂಬಿಯ ಉದ್ದಕ್ಕೂ ಸಾಗಿದ ಬಿರುಕು ಒಳಗಿನ ತುಕ್ಕಿನ ಲಕ್ಷಣ. ಬಲವರ್ಧಿತ ಕಾಂಕ್ರೀಟಿನ ಭಾರತೀಯ ಮಾನಕವಾದ ಐ.ಎಸ್. 456:2000 ಸಾಮಾನ್ಯ ಸ್ಥಿತಿಯಲ್ಲಿ ಬಿರುಕಿನ ಅಗಲ 0.3 ಮಿ.ಮೀ. ಮೀರಬಾರದೆಂದು ಹೇಳುತ್ತದೆ. ಅಗಲಕ್ಕಿಂತಲೂ ಮುಖ್ಯವಾದುದು ಬಿರುಕು ಬೆಳೆಯುತ್ತಿದೆಯೇ ಎಂಬುದು.

ಆ) ತುಕ್ಕು: ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಮೂಲಕ್ಕಿಂತ ಹಲವು ಪಟ್ಟು ಹಿಗ್ಗುತ್ತದೆ. ಆ ಒತ್ತಡಕ್ಕೆ ಸುತ್ತಲ ಕಾಂಕ್ರೀಟು ಸೀಳಿ ಉದುರುತ್ತದೆ. ಕಂಬಗಳಿಗೆ ಸಾಮಾನ್ಯವಾಗಿ 40 ಮಿ.ಮೀ. ಕಾಂಕ್ರೀಟಿನ ಹೊದಿಕೆ ಇರಬೇಕು. ಹೊದಿಕೆ ತೆಳುವಾದಷ್ಟೂ ತೇವ, ಗಾಳಿ ಬೇಗ ಕಂಬಿಯನ್ನು ತಲುಪುತ್ತವೆ. ಛಾವಣಿಯ ಕೆಳಭಾಗದಲ್ಲಿ ಕಂದು ಕಲೆ ಅಥವಾ ಹೊಸ ಗಾರೆಯ ತೇಪೆ ಕಂಡರೆ ಅದರ ಹಿಂದಿನ ಕಥೆಯನ್ನು ಕೇಳಬೇಕು.

ಇ) ತೇವ: ತೇವಮಾಪಕ ಯಂತ್ರದಿಂದ ಗೋಡೆಯ ತೇವವನ್ನು ಅಳೆಯುತ್ತಾರೆ. ಸ್ನಾನಗೃಹದ ನೆಲದಲ್ಲಿ ನೀರು ಕಟ್ಟಿ ನಿಲ್ಲಿಸಿ, ಒಂದು ದಿನ ಕಳೆದ ಮೇಲೆ ಕೆಳಗಿನ ಛಾವಣಿಯನ್ನು ಪರಿಶೀಲಿಸುವ ಕ್ರಮವೂ ಇದೆ. ಉಷ್ಣಚಿತ್ರ ಕ್ಯಾಮೆರಾ ಬಳಸಿದರೆ ಬಣ್ಣದ ಹಿಂದೆ ಅಡಗಿರುವ ಸೋರಿಕೆಯ ಜಾಡು ಸಿಗುತ್ತದೆ.

ಈ) ವಿದ್ಯುತ್: ಭೂಸಂಪರ್ಕ ಸರಿಯಿದೆಯೇ, 30 ಮಿಲಿ ಆಂಪಿಯರ್ ಸೋರಿಕೆಗೆ ಕಡಿತಗೊಳ್ಳುವ ರಕ್ಷಣಾ ಸ್ವಿಚ್ ಇದೆಯೇ, ತಂತಿಗಳ ದಪ್ಪ ಈಗಿನ ಬಳಕೆಗೆ ಸಾಲುತ್ತದೆಯೇ, ಮಂಜೂರಾದ ವಿದ್ಯುತ್ ಹೊರೆ ಎಷ್ಟು ಎಂಬುದನ್ನು ನೋಡಬೇಕು. ಹವಾನಿಯಂತ್ರಕವಿಲ್ಲದ ಕಾಲದ ತಂತಿಗಳ ಮೇಲೆ ಇಂದಿನ ಯಂತ್ರಗಳನ್ನು ಹೇರುವುದು ಬೆಂಕಿಗೆ ಆಹ್ವಾನವಿತ್ತಂತೆ.

ಉ) ನೀರು, ಒಳಚರಂಡಿ, ಛಾವಣಿಯ ಇಳಿಜಾರು, ಬಾಗಿಲು–ಕಿಟಕಿಗಳು, ನೆಲದ ಹಾಸು: ಇವು ಸಣ್ಣವೆನಿಸಿದರೂ ಒಟ್ಟಾಗಿ ದೊಡ್ಡ ಖರ್ಚಾಗುತ್ತವೆ. ನೆಲದ ಹಾಸನ್ನು ತಟ್ಟಿದಾಗ ಟೊಳ್ಳು ಸದ್ದು ಬಂದರೆ ಕೆಳಗೆ ಗಾರೆ ಸರಿಯಾಗಿ ಕೂತಿಲ್ಲವೆಂದರ್ಥ.

ಎರಡನೆಯ ಹಂತದಲ್ಲಿ ಪುಟಿತದ ಸುತ್ತಿಗೆಯ ಪರೀಕ್ಷೆ, ಶ್ರವಣಾತೀತ ತರಂಗ ಪರೀಕ್ಷೆ ಮೊದಲಾದವು ಬರುತ್ತವೆ. ಸುತ್ತಿಗೆಯ ಪರೀಕ್ಷೆ ಕಾಂಕ್ರೀಟಿನ ಮೇಲ್ಪದರದ ಗಟ್ಟಿತನವನ್ನಷ್ಟೇ ಹೇಳುತ್ತದೆ. ಆದ್ದರಿಂದ ಅದೊಂದನ್ನೇ ನೆಚ್ಚಬಾರದು. ತರಂಗ ಪರೀಕ್ಷೆಯಲ್ಲಿ ವೇಗ ಸೆಕೆಂಡಿಗೆ 3 ಕಿ.ಮೀ.ಗಿಂತ ಕಡಿಮೆ ಬಂದರೆ ಕಾಂಕ್ರೀಟಿನ ಗುಣಮಟ್ಟ ಸಂಶಯಾಸ್ಪದ. ಫಿನಾಲ್ಫ್ತಲೀನ್ ದ್ರಾವಣವನ್ನು ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಸಿಂಪಡಿಸಿದಾಗ ಗುಲಾಬಿ ಬಣ್ಣಕ್ಕೆ ತಿರುಗಿದ ಭಾಗದಲ್ಲಿ ಕ್ಷಾರಗುಣ ಉಳಿದಿದೆ. ಬಣ್ಣ ಬಾರದ ಭಾಗ ಕಂಬಿಯನ್ನು ತುಕ್ಕಿನಿಂದ ಕಾಪಾಡುವ ಶಕ್ತಿಯನ್ನು ಕಳೆದುಕೊಂಡಿದೆ.

5. ಊರಿಗೊಂದು ದೋಷ

ನಮ್ಮ ರಾಜ್ಯದಲ್ಲಿ ಮಣ್ಣು, ಮಳೆಗಳು ಒಂದೇ ತೆರನಾಗಿಲ್ಲ. ವಿಜಯಪುರ, ಕಲಬುರಗಿ, ಗದಗ, ಹುಬ್ಬಳ್ಳಿಯ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಹಿಗ್ಗಿ ಬೇಸಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಆಳವಿಲ್ಲದ ತಳಪಾಯದ ಕಟ್ಟಡಗಳು ಅದರೊಡನೆ ಏಳುತ್ತಾ ಇಳಿಯುತ್ತಾ ಗೋಡೆ ಬಿರಿಯುತ್ತವೆ. ಅಲ್ಲಿ ತಳಪಾಯದ ವಿಧ, ಕಟ್ಟಡದ ಸುತ್ತಲ ನೀರಿನ ಹರಿವು ಮೊದಲು ನೋಡಬೇಕಾದವು. ಕರಾವಳಿಯ ಮಂಗಳೂರು, ಉಡುಪಿ, ಕಾರವಾರಗಳಲ್ಲಿ ಭಾರಿ ಮಳೆಯೊಡನೆ ಉಪ್ಪುಗಾಳಿಯೂ ಸೇರಿ ತುಕ್ಕಿನ ವೇಗ ಹೆಚ್ಚು. ಮಲೆನಾಡಿನಲ್ಲಿ ಇಳಿಜಾರಿನ ತಡೆಗೋಡೆ ಮತ್ತು ಮರದ ಜಂತೆಗೆ ಹಿಡಿಯುವ ಗೆದ್ದಲು ಮುಖ್ಯ. ಬೆಂಗಳೂರಿನಲ್ಲಿ ಕೆರೆಯಂಗಳ, ರಾಜಕಾಲುವೆಯ ಬದಿ ಹಾಗೂ ಮಣ್ಣು ತುಂಬಿಸಿ ಎತ್ತರಿಸಿದ ನಿವೇಶನಗಳ ಕಡೆ ವಿಶೇಷ ಗಮನ ಅಗತ್ಯ. ಸಾಧ್ಯವಿದ್ದಲ್ಲಿ ಮಳೆಗಾಲದಲ್ಲಿ ಅಥವಾ ಅದು ಮುಗಿದ ಕೂಡಲೇ ತಪಾಸಣೆ ಮಾಡಿಸುವುದು ಲೇಸು. ಬೇಸಗೆಯಲ್ಲಿ ಸೋರುವ ಮನೆಯೇ ಇಲ್ಲ.

6. ಮನೆಯನ್ನು ಗೋದಾಮು ಮಾಡುವಾಗ

ಪೇಟೆಬೀದಿಗಳಲ್ಲಿ ಹಳೆಯ ಮನೆಯನ್ನು ಕೊಂಡು ಕೆಳಗೆ ಅಂಗಡಿ, ಮೇಲೆ ದಾಸ್ತಾನು ಇಡುವ ಪದ್ಧತಿ ಸಾಮಾನ್ಯ. ಇಲ್ಲಿ ಭಾರದ ಲೆಕ್ಕವನ್ನು ಅರಿಯಬೇಕು. ಐ.ಎಸ್. 875ರ ಎರಡನೆಯ ಭಾಗದ ಪ್ರಕಾರ ವಾಸದ ಕೋಣೆಯ ನೆಲವನ್ನು ಚದರ ಮೀಟರಿಗೆ ಸುಮಾರು 200 ಕಿ.ಗ್ರಾಂ., ಚಿಲ್ಲರೆ ಅಂಗಡಿಯನ್ನು ಸುಮಾರು 400 ಕಿ.ಗ್ರಾಂ., ಗೋದಾಮನ್ನು ಕನಿಷ್ಠ 750 ಕಿ.ಗ್ರಾಂ. ಬಳಕೆಯ ಭಾರಕ್ಕೆ ವಿನ್ಯಾಸ ಮಾಡಬೇಕು. ದಾಸ್ತಾನಿನ ಎತ್ತರ ಹೆಚ್ಚಿದಂತೆ ಗೋದಾಮಿನ ಪ್ರಮಾಣವೂ ಹೆಚ್ಚುತ್ತದೆ. ಅಕ್ಕಿ ಮೂಟೆಗಳನ್ನು ಎದೆಯೆತ್ತರಕ್ಕೆ ಒತ್ತಾಗಿ ಪೇರಿಸಿದರೆ ಚದರ ಮೀಟರಿಗೆ ಸುಮಾರು 800 ಕಿ.ಗ್ರಾಂ. ಭಾರ ಬೀಳುತ್ತದೆ. ಅಂದರೆ ಮಲಗುವ ಕೋಣೆಗೆಂದು ಹಾಕಿದ ಛಾವಣಿಯ ಮೇಲೆ ಅದರ ಲೆಕ್ಕಕ್ಕಿಂತ ನಾಲ್ಕು ಪಟ್ಟು ಭಾರ. ಯಂತ್ರ ಕೂರಿಸುವ ಸಣ್ಣ ಕೈಗಾರಿಕೆಯವರಿಗೆ ಭಾರದೊಡನೆ ಕಂಪನದ ಪ್ರಶ್ನೆಯೂ ಇದೆ. ಇಂಥ ಬದಲಾವಣೆಗೆ ಸ್ಥಳೀಯ ಸಂಸ್ಥೆಯ ಅನುಮತಿ ಬೇಕೆಂಬುದು ಒಂದು ಮಾತು; ನೆಲದ ಕೆಳಗೆ ನಮ್ಮದೇ ಕೆಲಸಗಾರರು ಓಡಾಡುತ್ತಿರುತ್ತಾರೆ ಎಂಬುದು ಅದಕ್ಕಿಂತ ದೊಡ್ಡ ಮಾತು.

7. ಖರ್ಚು–ಲಾಭಗಳ ಲೆಕ್ಕ

ಒಂದು ಕಾಲ್ಪನಿಕ ಉದಾಹರಣೆಯಿಂದ ಇದನ್ನು ವಿವರಿಸಬಹುದು. ಹನ್ನೆರಡು ವರ್ಷ ಹಳೆಯ ಮನೆಯೊಂದರ ಬೆಲೆ 80 ಲಕ್ಷ ರೂ. ಎಂದಿಟ್ಟುಕೊಳ್ಳೋಣ. ನಗರ ಪ್ರದೇಶದಲ್ಲಿ ಮುದ್ರಾಂಕ ಶುಲ್ಕ ಶೇ. 5ರಂತೆ 4,00,000 ರೂ.; ಅದರ ಮೇಲೆ ಶೇ. 10 ಉಪಕರ ಹಾಗೂ ಶೇ. 2 ಅಧಿಭಾರ ಸೇರಿ 48,000 ರೂ.; 2025ರ ಆಗಸ್ಟ್ 31ರಿಂದ ಶೇ. 2ಕ್ಕೆ ಏರಿದ ನೋಂದಣಿ ಶುಲ್ಕ 1,60,000 ರೂ. ಒಟ್ಟು 6,08,000 ರೂ. ತಪಾಸಣೆಯ ಶುಲ್ಕ 20,000 ರೂ. ಮತ್ತು ಶೇ. 18 ಜಿ.ಎಸ್.ಟಿ. ಸೇರಿ 23,600 ರೂ. ಎಂದು ಭಾವಿಸೋಣ. ಇದು ಬೆಲೆಯ ಶೇ. 0.3ಕ್ಕಿಂತ ಕಡಿಮೆ.

ವರದಿಯಲ್ಲಿ ಛಾವಣಿಯ ಜಲನಿರೋಧಕ್ಕೆ 1,80,000 ರೂ., ಎರಡು ತೊಲೆಗಳ ದುರಸ್ತಿಗೆ 2,60,000 ರೂ., ವಿದ್ಯುತ್ ತಂತಿಗಳ ಬದಲಾವಣೆಗೆ 1,10,000 ರೂ. ಬೇಕೆಂದು ಬಂದಿದೆ, ಒಟ್ಟು 5,50,000 ರೂ. ಈ ಆಧಾರದ ಮೇಲೆ ಬೆಲೆಯನ್ನು 74.50 ಲಕ್ಷಕ್ಕೆ ಇಳಿಸಲು ಮಾರಾಟಗಾರ ಒಪ್ಪಿದರೆ, ದುರಸ್ತಿಯ ಹಣ ಉಳಿಯಿತು. ಮಾರ್ಗಸೂಚಿ ಮೌಲ್ಯ ಇದಕ್ಕಿಂತ ಹೆಚ್ಚಿಲ್ಲದಿದ್ದಲ್ಲಿ ನೋಂದಣಿ ವೆಚ್ಚದಲ್ಲಿಯೂ 41,800 ರೂ. ಕಡಿಮೆಯಾಯಿತು. ಅಷ್ಟರಿಂದಲೇ ತಪಾಸಣೆಯ ಶುಲ್ಕ ತೀರಿ ಮಿಗುತ್ತದೆ. ಮಾರಾಟಗಾರ ಒಪ್ಪದಿದ್ದರೂ ನಷ್ಟವಿಲ್ಲ. ಕೊಳ್ಳಬೇಕೋ ಬಿಡಬೇಕೋ ಎಂಬುದನ್ನು ನಿಜವಾದ ಬೆಲೆ ಅರಿತು ನಿರ್ಧರಿಸಬಹುದು.

ಒಂದು ಎಚ್ಚರಿಕೆ: ಬೆಲೆ ಇಳಿದು, ಮುದ್ರಾಂಕಕ್ಕೆ ಪರಿಗಣಿಸುವ ಮೌಲ್ಯವು ಅದಕ್ಕಿಂತ ಶೇ. 10ರ ಮಿತಿಯನ್ನೂ 50,000 ರೂ.ಗಳನ್ನೂ ಮೀರಿ ಹೆಚ್ಚಿದ್ದರೆ, ಆ ವ್ಯತ್ಯಾಸವನ್ನು ಖರೀದಿದಾರನ ಆದಾಯವೆಂದು ಪರಿಗಣಿಸುವ ನಿಯಮ ಆದಾಯ ತೆರಿಗೆಯಲ್ಲಿದೆ. ಆಗ ಮೌಲ್ಯಮಾಪನಾಧಿಕಾರಿಯ ಮುಂದೆ ಕಟ್ಟಡದ ನೈಜ ಸ್ಥಿತಿಯನ್ನು ತೋರಿಸಲು ತಪಾಸಣಾ ವರದಿ ಉಪಯುಕ್ತ ದಾಖಲೆಯಾಗುತ್ತದೆ.

ಇದಕ್ಕೆ ವಿರುದ್ಧವಾದ ಚಿತ್ರವನ್ನೂ ನೋಡಿದ್ದೇನೆ. ನನ್ನ ಕಕ್ಷಿದಾರರಲ್ಲೊಬ್ಬರಾದ ಯಂತ್ರೋಪಕರಣಗಳ ವ್ಯಾಪಾರಿಯೊಬ್ಬರು ಬ್ಯಾಂಕಿನ ಮೌಲ್ಯಮಾಪನವನ್ನೇ ನಂಬಿ ಅಂಗಡಿಸಹಿತ ಮನೆ ಕೊಂಡರು. ಮೊದಲ ಮಳೆಗಾಲದಲ್ಲಿಯೇ ಛಾವಣಿಯ ಗಾರೆ ಕಳಚಿ ತುಕ್ಕುಹಿಡಿದ ಕಂಬಿಗಳು ಕಾಣಿಸಿಕೊಂಡವು. ದುರಸ್ತಿಗೆ ಬೇಕಾದ ಹಣಕ್ಕೆ ಸರಕಿನ ಖಾತೆಯಿಂದ ಕೈಹಾಕಿದರು. ಹಬ್ಬದ ಋತುವಿಗೆ ಸರಕು ತುಂಬಲು ಹಣವಿಲ್ಲದಾಯಿತು. ಸರಬರಾಜುದಾರರ ಬಾಕಿ ಬೆಳೆಯಿತು. ಕಟ್ಟಡದ ಬಿರುಕು ಲೆಕ್ಕಪುಸ್ತಕದ ಬಿರುಕಾಗಲು ಎಂಟು ತಿಂಗಳೂ ಹಿಡಿಯಲಿಲ್ಲ.

ವಿಮೆ ಇದೆಯಲ್ಲ ಎಂಬ ಸಮಾಧಾನವೂ ಸಲ್ಲದು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಗೃಹ ರಕ್ಷಾ, ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಗಳು ಬೆಂಕಿ, ಪ್ರವಾಹ, ಭೂಕಂಪ ಮೊದಲಾದ ಅವಘಡಗಳಿಗೆ ರಕ್ಷಣೆ ನೀಡುತ್ತವೆ. ಸವಕಳಿ, ಕ್ರಮೇಣ ಆಗುವ ಶಿಥಿಲತೆ, ದೋಷಪೂರಿತ ವಿನ್ಯಾಸ ಅಥವಾ ಕೆಲಸಗಾರಿಕೆಗಳ ನಷ್ಟವನ್ನು ಅವು ತುಂಬಿಕೊಡುವುದಿಲ್ಲ.

8. ಲೆಕ್ಕಪತ್ರ ಮತ್ತು ತೆರಿಗೆಯ ಅಂಶಗಳು

ವ್ಯಾಪಾರಕ್ಕಾಗಿ ಕೊಂಡ ಕಟ್ಟಡದ ತಪಾಸಣಾ ಶುಲ್ಕವು ಖರೀದಿಗೆ ನೇರವಾಗಿ ಸಂಬಂಧಿಸಿದ ವೆಚ್ಚವಾದುದರಿಂದ ಅದನ್ನು ಆಸ್ತಿಯ ಮೂಲಬೆಲೆಗೆ ಸೇರಿಸಬೇಕು. ಆಗಲೇ ನಮ್ಮದಾಗಿರುವ ಕಟ್ಟಡದ ಆವರ್ತಕ ತಪಾಸಣೆಯ ಶುಲ್ಕವನ್ನು ಆಯಾ ವರ್ಷದ ಖರ್ಚೆಂದು ತೋರಿಸಬೇಕು. ಮಾಲೀಕರ ವಾಸದ ಮನೆಯ ಶುಲ್ಕವನ್ನು ವ್ಯಾಪಾರದ ಖಾತೆಗೆ ಹಾಕಬಾರದು. ಸಂಸ್ಥೆಯ ಹಣದಿಂದ ಕೊಟ್ಟಿದ್ದರೆ ಅದು ಸ್ವಂತದ ಹಿಂತೆಗೆತ.

ದುರಸ್ತಿಯಲ್ಲಿಯೂ ಭೇದವುಂಟು. ಇದ್ದುದನ್ನು ಇದ್ದ ಸ್ಥಿತಿಯಲ್ಲಿ ಉಳಿಸುವ ಚಾಲ್ತಿ ದುರಸ್ತಿ ಕಂದಾಯ ಸ್ವರೂಪದ ವೆಚ್ಚ. ಹೊಸ ಪ್ರಯೋಜನ ತರುವ ಅಥವಾ ಆಯುಷ್ಯ ಹೆಚ್ಚಿಸುವ ಕೆಲಸ ಬಂಡವಾಳ ವೆಚ್ಚ. ತಪಾಸಕರ ವರದಿ ಕೆಲಸದ ಸ್ವರೂಪವನ್ನು ಬಿಡಿಬಿಡಿಯಾಗಿ ಬರೆದಿದ್ದರೆ ಈ ವಿಂಗಡಣೆಗೆ ಆಧಾರ ಸಿಗುತ್ತದೆ. ಜಿ.ಎಸ್.ಟಿ.ಯಲ್ಲಿಯೂ ಇದರ ಪರಿಣಾಮವಿದೆ: ಸ್ಥಿರಾಸ್ತಿಯ ದುರಸ್ತಿಯನ್ನು ಬಂಡವಾಳವಾಗಿ ತೋರಿಸಿದಷ್ಟರ ಮಟ್ಟಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ.

ಕಂಪನಿಗಳಿಗೆ 2013ರ ಕಂಪನಿ ಕಾಯಿದೆಯ ಎರಡನೆಯ ಅನುಸೂಚಿ ಕಾಂಕ್ರೀಟ್ ಚೌಕಟ್ಟಿನ ಕಟ್ಟಡಕ್ಕೆ 60 ವರ್ಷ, ಕಾರ್ಖಾನೆ ಕಟ್ಟಡಕ್ಕೆ 30 ವರ್ಷ ಉಪಯುಕ್ತ ಆಯುಷ್ಯವನ್ನು ಸೂಚಿಸಿದೆ. ಹಳೆಯ ಕಟ್ಟಡ ಕೊಂಡಾಗ ಉಳಿದಿರುವ ಆಯುಷ್ಯವೆಷ್ಟೆಂದು ನಿರ್ಧರಿಸಲು ತಾಂತ್ರಿಕ ಅಭಿಪ್ರಾಯ ಬೇಕಾಗುತ್ತದೆ. ಅದನ್ನೂ ಇದೇ ವರದಿಯಲ್ಲಿ ಕೇಳಿ ಪಡೆಯಬಹುದು.

9. ತಪಾಸಕರ ಆಯ್ಕೆ ಮತ್ತು ಕರಾರು

ತಪಾಸಕರನ್ನು ಮಾರಾಟಗಾರನಾಗಲಿ ದಲ್ಲಾಳಿಯಾಗಲಿ ಸೂಚಿಸಬಾರದು, ನಾವೇ ಗೊತ್ತುಮಾಡಬೇಕು. ದುರಸ್ತಿಯ ಗುತ್ತಿಗೆಯನ್ನೂ ತಾವೇ ಪಡೆಯುವವರು ತಪಾಸಕರಾಗುವುದು ಉಚಿತವಲ್ಲ, ಏಕೆಂದರೆ ದೋಷ ಹೆಚ್ಚಿದಷ್ಟೂ ಅವರಿಗೆ ಕೆಲಸ ಹೆಚ್ಚು. ಲೆಕ್ಕ ಬರೆಯುವವನೇ ಲೆಕ್ಕಪರಿಶೋಧಕನಾಗಬಾರದೆಂಬ ತತ್ತ್ವವೇ ಇಲ್ಲಿಯೂ ಅನ್ವಯ. ಸಿವಿಲ್ ಅಥವಾ ರಚನಾ ಎಂಜಿನಿಯರಿಂಗ್ ಪದವಿ, ಅನುಭವ, ಹಿಂದಿನ ವರದಿಯ ಮಾದರಿ ಇವನ್ನು ಕೇಳಿ ನೋಡಬೇಕು. ವರದಿ ಲಿಖಿತವಾಗಿರಬೇಕು, ಪ್ರತಿಯೊಂದು ದೋಷಕ್ಕೂ ಛಾಯಾಚಿತ್ರ, ಇರುವ ಜಾಗ, ತೀವ್ರತೆ, ಕಾರಣ, ಅಂದಾಜು ವೆಚ್ಚ ನಮೂದಾಗಿರಬೇಕು. ಯಾವ ಭಾಗವನ್ನು ನೋಡಲಾಗಲಿಲ್ಲ ಎಂಬುದನ್ನೂ ಬರೆದಿರಬೇಕು. ಬೀಗ ಹಾಕಿದ ಕೋಣೆಯ ವಿಷಯದಲ್ಲಿ ಮೌನವಾಗಿರುವ ವರದಿ ಅಪೂರ್ಣ.

ವ್ಯಾಪಾರದ ಉದ್ದೇಶಕ್ಕೆ ಪಡೆದ ಸೇವೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಆಸರೆ ಸಾಮಾನ್ಯವಾಗಿ ದೊರೆಯದು. ಆದ್ದರಿಂದ ಅಂಗಡಿ, ಗೋದಾಮುಗಳ ತಪಾಸಣೆಗೆ ನೇಮಕಾತಿ ಪತ್ರದಲ್ಲಿಯೇ ಕೆಲಸದ ವ್ಯಾಪ್ತಿ, ಅವಧಿ, ಹೊಣೆಗಾರಿಕೆಗಳನ್ನು ಸ್ಪಷ್ಟಪಡಿಸಿಕೊಳ್ಳತಕ್ಕದ್ದು.

ದೊಡ್ಡ ಮುಂಗಡ ಕೊಡುವ ಮೊದಲೇ ತಪಾಸಣೆ ಮುಗಿಯುವುದು ಉತ್ತಮ. ಹಾಗಾಗದಿದ್ದಲ್ಲಿ ಕ್ರಯದ ಕರಾರಿನಲ್ಲಿ ಈ ರೀತಿಯ ಷರತ್ತನ್ನು ವಕೀಲರ ಸಲಹೆ ಪಡೆದು ಸೇರಿಸಬಹುದು: “ಈ ಕರಾರಿನ ದಿನಾಂಕದಿಂದ 15 ದಿನಗಳೊಳಗೆ ಖರೀದಿದಾರರು ತಮ್ಮ ವೆಚ್ಚದಲ್ಲಿ ಅರ್ಹ ಎಂಜಿನಿಯರರಿಂದ ಷೆಡ್ಯೂಲು ಸ್ವತ್ತಿನ ತಪಾಸಣೆ ಮಾಡಿಸತಕ್ಕದ್ದು. ಅದಕ್ಕೆ ಮಾರಾಟಗಾರರು ಎಲ್ಲ ಭಾಗಗಳಿಗೂ ಪ್ರವೇಶ ಒದಗಿಸತಕ್ಕದ್ದು. ವರದಿಯಲ್ಲಿ ರಚನಾ ದೋಷ ಕಂಡುಬಂದಲ್ಲಿ ಉಭಯತರು ಒಪ್ಪಿ ಬೆಲೆಯನ್ನು ಪರಿಷ್ಕರಿಸಬಹುದು. ಒಪ್ಪಿಗೆಯಾಗದಿದ್ದಲ್ಲಿ ಖರೀದಿದಾರರು ಕರಾರನ್ನು ರದ್ದುಪಡಿಸಿ ಮುಂಗಡ ಹಣವನ್ನು ಪೂರ್ತಿಯಾಗಿ ಹಿಂಪಡೆಯಲು ಹಕ್ಕುಳ್ಳವರಾಗಿರುತ್ತಾರೆ.” ಪ್ರಾಮಾಣಿಕ ಮಾರಾಟಗಾರ ಈ ಷರತ್ತಿಗೆ ಅಂಜಬೇಕಾಗಿಲ್ಲ. ತಪಾಸಣೆಗೆ ಬಾಗಿಲು ತೆರೆಯಲು ಹಿಂಜರಿದರೆ ಆ ಹಿಂಜರಿಕೆಯೇ ಒಂದು ವರದಿ.

10. ಮಿತಿಗಳು ಮತ್ತು ಕರ್ತವ್ಯ

ತಪಾಸಣೆ ಖಾತರಿಪತ್ರವಲ್ಲ. ಗೋಡೆಯೊಳಗಿನ ಕೊಳವೆ, ನೆಲದಡಿಯ ತಳಪಾಯ ಕಣ್ಣಿಗೆ ಬೀಳುವುದಿಲ್ಲ. ಲೆಕ್ಕಪರಿಶೋಧನೆಯಂತೆಯೇ ಇದೂ ನಿರ್ದಿಷ್ಟ ದಿನದಂದು, ನೋಡಲು ಸಿಕ್ಕಷ್ಟರ ಮೇಲೆ ಕೊಟ್ಟ ಅಭಿಪ್ರಾಯ. ಆದರೂ ಅಭಿಪ್ರಾಯವಿಲ್ಲದ ಸ್ಥಿತಿಗಿಂತ ಅದು ಎಷ್ಟೋ ಮೇಲು.

ಈಗಾಗಲೇ ಸ್ವಂತ ಕಟ್ಟಡ ಹೊಂದಿರುವ ಸದಸ್ಯರಿಗೂ ಈ ಪಾಠ ಅನ್ವಯಿಸುತ್ತದೆ. ಪ್ರತಿವರ್ಷ ಮಾರ್ಚ್ ಕೊನೆಗೆ ದಾಸ್ತಾನಿನ ಎಣಿಕೆ ಮಾಡುವ ನಾವು, ಮಳೆಗಾಲಕ್ಕೆ ಮೊದಲು ಛಾವಣಿ, ಚರಂಡಿ, ಭೂಸಂಪರ್ಕಗಳನ್ನು ನೋಡಿಸುವ ಅಭ್ಯಾಸವನ್ನೂ ಇಟ್ಟುಕೊಳ್ಳಬೇಕು. ಕೆಲವು ವರ್ಷಗಳಿಗೊಮ್ಮೆ ಎಂಜಿನಿಯರರಿಂದ ಪೂರ್ಣ ತಪಾಸಣೆ ಮಾಡಿಸಿ, ವರದಿಗಳನ್ನು ಹಕ್ಕುಪತ್ರಗಳೊಡನೆ ಕಾಯ್ದಿರಿಸಬೇಕು. ಮುಂದೆ ಮಾರುವಾಗ ಆ ಕಡತವೇ ಬೆಲೆಯನ್ನು ಸಮರ್ಥಿಸುತ್ತದೆ. ಮಕ್ಕಳಿಗೆ ಬಿಟ್ಟುಹೋಗುವಾಗ, ಏನನ್ನು ಬಿಟ್ಟುಹೋಗುತ್ತಿದ್ದೇವೆ ಎಂಬುದು ಅವರಿಗೂ ತಿಳಿದಿರುತ್ತದೆ.